ಚಳಿಗೆ ಸತಾಯಿಸುವ ಹಳೆಯ ಡೀಸೆಲ್ ಕಾರು

ಮಡಿಕೇರಿಯ ಚಳಿಯಲ್ಲಿ ಹಳೆಯ ಡೀಸೆಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿ, ಬಿಳಿ ಹೊಗೆ ಉಗುಳಿ, ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದರೆ ಮೊದಲ ಅನುಮಾನ ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರಿನ ಒಳಗೆ ಬಿಸಿ ಕೊಡುವ ಪುಟ್ಟ ಹೀಟರ್) ಮೇಲೆ. ಎರಡು ಲಕ್ಷ ಕಿಲೋಮೀಟರ್ ದಾಟಿದ ಕಾರಿನಲ್ಲಿ ಇದು ಸಾಮಾನ್ಯ. ಎಂಜಿನ್ ತಣ್ಣಗಿರುವಾಗ ಪ್ಲಗ್‌ನ ವೈರ್ ತೆಗೆದು, ರೋಧ (ಓಮ್) ಅಳೆಯಲು ಇಟ್ಟ ಮಲ್ಟಿಮೀಟರ್‌ನ ಒಂದು ತುದಿಯನ್ನು ಪ್ಲಗ್‌ನ ತಲೆಗೆ, ಇನ್ನೊಂದನ್ನು ಎಂಜಿನ್‌ಗೆ ತಾಗಿಸಿ. ಚೆನ್ನಾಗಿದ್ದರೆ ಸಾಮಾನ್ಯವಾಗಿ ಒಂದೆರಡು ಓಮ್‌ನೊಳಗೆ ತೋರಿಸುತ್ತದೆ. ಸುಟ್ಟಿದ್ದರೆ ಸಂಪರ್ಕವೇ ಇರುವುದಿಲ್ಲ. ಬದಲಿಸುವಾಗ ದಯವಿಟ್ಟು ಬಲ ಹಾಕಿಸಬೇಡಿ. ಮಸಿ ಕಟ್ಟಿದ ಹಳೆಯ ಪ್ಲಗ್ ಸಿಲಿಂಡರ್ ಹೆಡ್‌ನೊಳಗೇ ಮುರಿದರೆ ಖರ್ಚು ಎಲ್ಲಿಗೋ ಹೋಗುತ್ತದೆ.

ಪ್ಲಗ್‌ಗಳು ಸರಿಯಿದ್ದರೆ ಅವುಗಳಿಗೆ ಕರೆಂಟ್ ಕೊಡುವ ರಿಲೇ, ಫ್ಯೂಸ್ ನೋಡಿ, ಡೀಸೆಲ್ ಫಿಲ್ಟರ್‌ನ ತಳದಲ್ಲಿ ನಿಂತ ನೀರು ಬಿಡಿ. ಆಮೇಲೂ ಹಾಗೆಯೇ ಇದ್ದರೆ ಇಂಜೆಕ್ಟರೋ (ಡೀಸೆಲ್ ಸಿಂಪಡಿಸುವ ಭಾಗ) ಕಂಪ್ರೆಶನ್ನೋ (ಸಿಲಿಂಡರಿನೊಳಗಿನ ಒತ್ತಡ) ಎಂದು ನೋಡದೆ ಹೇಳಲಾಗದು. ಎರಡನ್ನೂ ಪರೀಕ್ಷೆ ಮಾಡಿಸಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಎಂಜಿನ್ ತಂಪಾಗಿಸುವ ಕೂಲಂಟ್ ಇಳಿಯುತ್ತಿದ್ದರೆ ಮಾತ್ರ ಘಾಟಿ ಇಳಿಸಬೇಡಿ, ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲ್) ಹೋಗಿರಬಹುದು. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.