ಯಾರೂ ಏನೂ ಕೇಳುತ್ತಿಲ್ಲ ಎಂದರೆ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ, ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ) ಅಡಿಕೆ ವಿಂಗಡಿಸುವ ಗೋದಾಮಿನಲ್ಲಿ ನಾನು ಮೇಲ್ವಿಚಾರಕ. 14 ಮಂದಿ ಕೆಲಸಕ್ಕಿದ್ದಾರೆ, ಹೆಚ್ಚಿನವರು ಹೆಂಗಸರು. ಮಳೆಗಾಲದಲ್ಲಿ ಕೆಲಸದ ದಿನ ಕಡಿಮೆಯಾಗಬಹುದೆಂದು ಧಣಿಗಳು ನನ್ನಲ್ಲಿ ಹೇಳಿದ್ದಾರೆ. ತೀರ್ಮಾನವಾಗದ ಕಾರಣ ನಾನು ಬಾಯಿ ಬಿಟ್ಟಿಲ್ಲ. ಎರಡು ವಾರದಿಂದ ಎಲ್ಲರೂ ಮಂಕಾಗಿದ್ದಾರೆ. ಪಟೋರಕ್ಕೆ, ಅಂದರೆ ಕೆಳದರ್ಜೆಗೆ, ಹೋಗಬೇಕಾದ ಅಡಿಕೆ ಒಳ್ಳೆಯ ಚಾಲಿಯಲ್ಲಿ ಸಿಗುತ್ತಿದೆ. ಏನು ಮಾಡಲಿ?

ಉತ್ತರ: ನೀವು ಬಾಯಿ ಬಿಡದಿದ್ದರೂ ಏನೋ ಇದೆ ಎಂಬ ವಾಸನೆ ಅವರಿಗೆ ಬಡಿದಿದೆ. ಎಷ್ಟು ದಿನ, ಯಾರಿಗೆ ಎಂಬುದು ಮಾತ್ರ ಗೊತ್ತಿಲ್ಲ. ಮನಸ್ಸನ್ನು ಕೊರೆಯುವುದೇ ಅದು. 2016ರಲ್ಲಿ ಲಂಡನ್ನಿನ ಸಂಶೋಧಕರು ಕೈಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಪರೀಕ್ಷಿಸಿದಾಗ, ಆಘಾತ ಖಂಡಿತ ಎಂದು ಗೊತ್ತಿದ್ದಾಗಿನದಕ್ಕಿಂತ ಬರಲೂಬಹುದು, ಬಾರದೆಯೂ ಇರಬಹುದು ಎಂಬಾಗಲೇ ಜನರ ಒತ್ತಡ ಹೆಚ್ಚಿತ್ತು. ಮನೆಖರ್ಚಿನ ಲೆಕ್ಕ ತಲೆಯಲ್ಲಿ ಸುತ್ತುತ್ತಿರುವಾಗ ಕಣ್ಣು ಅಡಿಕೆಯ ಮೇಲಿದ್ದರೂ ಗಮನ ಇರುವುದಿಲ್ಲ.

ಕೆಟ್ಟ ಸುದ್ದಿ ಹೇಳಿದರೆ ಬಿಟ್ಟುಹೋದಾರು ಎಂಬ ಭಯ ನಿಮ್ಮದಿರಬಹುದು. ಅಮೆರಿಕದ ಕಾರ್ಖಾನೆಗಳಲ್ಲಿ ತಾತ್ಕಾಲಿಕವಾಗಿ 15% ಸಂಬಳ ಕಡಿತವಾದಾಗ ಜೆರಾಲ್ಡ್ ಗ್ರೀನ್‌ಬರ್ಗ್ ಮಾಡಿದ ಅಧ್ಯಯನ (1990) ನೋಡಿ. ಒಂದು ಕಡೆ ಕಾರಣವನ್ನು ಲೆಕ್ಕಸಮೇತ, ವಿಷಾದದಿಂದ ವಿವರಿಸಿದ್ದರು. ಇನ್ನೊಂದು ಕಡೆ ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ಕಡಿತ ಎರಡೂ ಕಡೆ ಅಷ್ಟೇ. ಸರಕು ಕಳವು ಮಾತ್ರ ಮೊದಲನೆಯದಕ್ಕಿಂತ ಎರಡನೆಯ ಕಡೆ ಹೆಚ್ಚು.

ಆದ್ದರಿಂದ ನಾಳೆ ಬೆಳಿಗ್ಗೆ ಕೆಲಸ ಹಿಡಿಯುವ ಮೊದಲು ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ. ಗೊತ್ತಿರುವುದೇನು, ಇನ್ನೂ ತೀರ್ಮಾನವಾಗದ್ದೇನು, ಯಾವ ತಾರೀಕಿಗೆ ತಿಳಿಸುತ್ತೀರಿ, ಈ ಮೂರನ್ನೇ ಹೇಳಿ. ಆ ತಾರೀಕನ್ನು ಮೊದಲೇ ಧಣಿಗಳಿಂದ ಪಡೆದುಕೊಳ್ಳಿ. ಅಂದಿಗೂ ತೀರ್ಮಾನವಾಗದಿದ್ದರೆ ಅಷ್ಟನ್ನಾದರೂ ಅಂದೇ ಹೇಳಲೇಬೇಕು. ಸಮಾಧಾನಕ್ಕೆಂದು "ಏನೂ ಆಗುವುದಿಲ್ಲ" ಎನ್ನಬೇಡಿ. ಅದು ಸುಳ್ಳಾದರೆ ಮುಂದೆ ನಿಮ್ಮ ಯಾವ ಮಾತಿಗೂ ಬೆಲೆಯಿಲ್ಲ.

ವಾಟ್ಸಾಪಿನಲ್ಲಿ ಹಾಕಿ ಕೈತೊಳೆದುಕೊಳ್ಳುವುದೂ ಬೇಡ. ಕಾರ್ಮಿಕರ ಕ್ಷೇಮನಿಧಿಯ ನೋಟೀಸು ಮಲಯಾಳದಲ್ಲಿ ಬಂದರೆ ಓದಬಲ್ಲ ಒಬ್ಬಿಬ್ಬರು ಹೇಳಿದ್ದೇ ಉಳಿದವರಿಗೆ ವೇದವಾಗುತ್ತದೆ. ನೀವೇ ಕನ್ನಡದಲ್ಲಿ ಓದಿ ಹೇಳಿ, ಬೇಕಿದ್ದರೆ ತುಳುವಿನಲ್ಲೂ.

ಇನ್ನು ವಿಂಗಡಣೆ. ತಾವು ಆರಿಸಿದ ಅಡಿಕೆ ಖರೀದಿದಾರರಲ್ಲಿ ಪಾಸಾಯಿತೋ ಇಲ್ಲವೋ ಎಂಬುದು ಅವರಿಗೆ ತಲುಪುತ್ತಿದೆಯೇ? ಇಲ್ಲವಾದರೆ ಹುರುಪು ಎಲ್ಲಿಂದ ಬರಬೇಕು? ವಾಪಸು ಬಂದ ಚೀಲದಿಂದ ಒಂದು ಬೊಗಸೆ ಅಡಿಕೆಯನ್ನು ಅದೇ ದಿನ ಮೇಜಿನ ಮೇಲೆ ಸುರಿಯಿರಿ. ನಾಲ್ಕೈದನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬೂಸ್ಟು, ಕಪ್ಪು ತೋರಿಸಿ. ಯಾರು ಆರಿಸಿದ್ದೆಂದು ಹೆಸರೆತ್ತಬೇಡಿ: ತಪ್ಪು–ಒಪ್ಪು ತಿಳಿಸುವ ಕ್ರಮಗಳ ಬಗ್ಗೆ 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲೊಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನಷ್ಟು ಕೆಟ್ಟಿತ್ತು. ಮಾತು ಕೆಲಸ ಬಿಟ್ಟು ಆಳಿನ ಕಡೆ ತಿರುಗಿದಾಗ ಹಾಗಾಗುತ್ತದೆ ಎಂಬುದು ಅವರ ವಿವರಣೆ. ಪಾಸಾದ ಚೀಲಗಳ ಸುದ್ದಿಯನ್ನೂ ಅದೇ ಮೇಜಿನ ಬಳಿ ಹೇಳಿ. ನಮ್ಮಲ್ಲಿ ಅದನ್ನು ಹೇಳುವ ರೂಢಿಯೇ ಇಲ್ಲ.

ಮೊದಲ ಕೆಲವು ದಿನ ಯಾರೂ ಬಾಯಿ ಬಿಡಲಿಕ್ಕಿಲ್ಲ. "ಹಾಗಾದರೆ ಬೋನಸ್ಸಿನ ಲೆಕ್ಕ ಹೇಗೆ?" ಎಂದು ಒಬ್ಬರು ತುಸು ಖಾರವಾಗಿಯೇ ಕೇಳಿದ ದಿನ ಸಿಟ್ಟಾಗಬೇಡಿ, ಉತ್ತರ ಗೊತ್ತಿರಲಿ.