ಕಡಿದಷ್ಟು ಗಿಡ ನೆಟ್ಟರೆ ಆಯ್ತಲ್ಲ, ಮಳೆಕಾಡಿಗಾಗಿ ಹೋರಾಟ ಯಾಕೆ?

ನೀವು ಕೇಳಿದ್ದು ಇಷ್ಟು: ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಅಂತ ಹೇಳುವಾಗಲೂ, ಓದುವ ವಯಸ್ಸಿನವರು ಪಶ್ಚಿಮಘಟ್ಟದ ಕಾಡು ಉಳಿಸಿ ಅಂತ ಯಾಕೆ ಹೋರಾಟಕ್ಕೆ ಇಳಿಯುತ್ತೀರಿ? ನಿಮಗೆ ಕರೆಂಟು ಬೇಡ್ವಾ? ನನ್ನಂಥ ಪಟ್ಟಣದವರು ಇದರಲ್ಲಿ ಮಾಡುವುದು ಏನಾದರೂ ಇದೆಯಾ?

ನನಗೆ 23 ವರ್ಷ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನವಳು. ನನ್ನ ಕಾರಣ ಶುರುವಾಗುವುದು ನೀರಿನಿಂದ.

ನಮ್ಮ ಮನೆಗೆ ಬೋರ್‌ವೆಲ್ ಇಲ್ಲ. ಮೇಲಿನ ಕಾನಿನಿಂದ, ಅಂದರೆ ಹಳೆಯ ದಟ್ಟ ಕಾಡಿನಿಂದ, ಅಬ್ಬಿ (ಝರಿ) ನೀರು ಬರುತ್ತದೆ. ಅಜ್ಜನ ಕಾಲದಲ್ಲಿ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಮೋಟಾರು ಬೇಡ, ಇಳಿಜಾರೇ ಸಾಕು. ಆಚೆ ಕೇರಿಗೂ ಹೀಗೇ ನೀರಿತ್ತು. ಅವರ ಗುಡ್ಡದಲ್ಲಿ ಹಳೆಯ ಕಾಡು ಹೋಗಿ ಅಕೇಶಿಯಾ ನೆಡುತೋಪು ಬಂತು. ದೂರದಿಂದ ನೋಡಿದರೆ ಅದೂ ಹಸಿರೇ. ಆದರೆ ಫೆಬ್ರವರಿ ಮುಗಿಯುವಷ್ಟರಲ್ಲಿ ಅವರ ಅಬ್ಬಿ ಒಣಗುತ್ತದೆ, ನಮ್ಮದು ಮೇ ತಿಂಗಳಲ್ಲೂ ಬೆರಳು ಗಾತ್ರ ಸುರಿಯುತ್ತದೆ. ಎರಡೂ ಗುಡ್ಡಕ್ಕೆ ಬೀಳುವುದು ಒಂದೇ ಮಳೆ. ಬೇಸಿಗೆಯಲ್ಲಿ ಆ ಕೇರಿಯ ಹೆಂಗಸರು ಕೊಡ ಹಿಡಿದು ನಮ್ಮ ಅಂಗಳಕ್ಕೆ ಬರುವುದನ್ನು ನೋಡುತ್ತಲೇ ನಾನು ಬೆಳೆದೆ.

ವ್ಯತ್ಯಾಸ ಎಲ್ಲಿದೆ ಅಂತ ಅರ್ಥವಾಗಿದ್ದು ಪಿಯುಸಿಯಲ್ಲಿದ್ದಾಗ, ಕತ್ತಲೆಕಾನಿಗೆ ಹೋದ ದಿನ. ಅದು ನಮ್ಮದೇ ತಾಲ್ಲೂಕಿನಲ್ಲಿ, ಜೋಗದ ಕಡೆಯಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿ ರಾಂಪತ್ರೆ ಜಡ್ಡಿ ಇದೆ. ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳು ಬೆಳೆಯುವ ಸಿಹಿನೀರಿನ ಜೌಗು. ಏಪ್ರಿಲ್ ತಿಂಗಳು, ಹೊರಗೆ ಉರಿಬಿಸಿಲು. ಒಳಗೆ ನನ್ನ ಪಾದ ಮುಳುಗುವಷ್ಟು ತಣ್ಣನೆ ನೀರು ಮೆಲ್ಲಗೆ ಹರಿಯುತ್ತಿತ್ತು. ಬೇರುಗಳು ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಿಸಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿದಿದ್ದವು. ಕೆಸರಿನಲ್ಲಿ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಹೊರಗೆ ಬಂದು ಉಸಿರಾಡುತ್ತದೆ. ಈ ಕಾನಿನಲ್ಲಿ ಗೇರಿನ ಕುಟುಂಬದ ಒಂದು ಮರವನ್ನು ವಿಜ್ಞಾನಿಗಳು ಹೊಸ ಜಾತಿ ಅಂತ ಗುರುತಿಸಿ ಕಾನಿನ ಹೆಸರನ್ನೇ ಇಟ್ಟರು. ಅದೂ 2000ದಲ್ಲಿ! ಅಷ್ಟು ದೊಡ್ಡ ಮರ, ಅಷ್ಟು ವರ್ಷ ಪುಸ್ತಕದಲ್ಲಿ ಹೆಸರೇ ಇಲ್ಲದೆ ನಿಂತಿತ್ತು.

ಈಗ ಗಿಡ ನೆಡುವ ಮಾತಿಗೆ ಬರೋಣ. ಜಡ್ಡಿಯ ಈ ರಾಂಪತ್ರೆ ಮರಗಳ ಬೀಜ ಒಣಗಿದರೆ ಸತ್ತುಹೋಗುತ್ತದೆ. ಭತ್ತದ ಹಾಗೆ ತೆಗೆದಿಡಲು ಬರುವುದಿಲ್ಲ. ಕೆಂಪು ಪತ್ರೆ ಸುತ್ತಿದ ಬೀಜವನ್ನು ಮಂಗಟ್ಟೆ ಹಕ್ಕಿ ನುಂಗಿ ಬೇರೆ ಕಡೆ ಉಗುಳಬೇಕು. ಬಿದ್ದ ಜಾಗದಲ್ಲಿ ನೆರಳು ಬೇಕು, ತೇವ ಬೇಕು. ಆ ಹಕ್ಕಿಗೆ ಗೂಡು ಮಾಡಲು ಪೊಟರೆ ಇರುವ ಹಳೆಯ ಮರವೇ ಬೇಕು. ಬಯಲಿನಲ್ಲಿ ಗುಂಡಿ ತೋಡಿ ಪ್ಲಾಸ್ಟಿಕ್ ಚೀಲದ ಸಸಿ ನೆಟ್ಟರೆ ಇದರಲ್ಲಿ ಯಾವುದು ಬರುತ್ತದೆ ಹೇಳಿ? ನೆಟ್ಟಿದ್ದು ಬದುಕಿದರೆ ನೆಡುತೋಪು ಆಗುತ್ತದೆ. ಒಳ್ಳೆಯದೇ, ನಾನೂ ನೆಟ್ಟಿದ್ದೇನೆ. ಆದರೆ ಅದನ್ನು ಕಾಡಿನ ಲೆಕ್ಕಕ್ಕೆ ಸೇರಿಸಬೇಡಿ.

ಸಿಂಗಳೀಕವನ್ನೇ ನೋಡಿ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದು ಇಲ್ಲ. ನೆಲಕ್ಕೆ ಇಳಿಯುವುದು ತೀರಾ ಕಡಿಮೆ, ಕೊಂಬೆಯಿಂದ ಕೊಂಬೆಗೇ ಅದರ ಓಡಾಟ. ಅಗಲವಾದ ರಸ್ತೆಯೊಂದು ನಡುವೆ ಬಂದರೆ ಗುಂಪು ಎರಡು ಪಾಲಾಗುತ್ತದೆ. ಅದಕ್ಕೇ ಶರಾವತಿ ಕಣಿವೆಯಲ್ಲಿ ಅದರ ಹೆಸರಿನಲ್ಲೇ ಅಭಯಾರಣ್ಯ ಮಾಡಿದ್ದು. ಅದೇ ಕಣಿವೆಯಲ್ಲೀಗ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಅಂತಿದ್ದಾರೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಜಾಸ್ತಿ ಇದ್ದಾಗ ಇಳಿಸಿ ಕರೆಂಟು ಮಾಡುವುದು. ಎತ್ತಲು ಖರ್ಚಾಗುವ ಕರೆಂಟು, ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಬಿಸಿಲು, ಗಾಳಿಯ ಕರೆಂಟನ್ನು ಕೂಡಿಡಲು ಏನೋ ಒಂದು ವ್ಯವಸ್ಥೆ ಬೇಕು, ಅದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಸಿಂಗಳೀಕದ ಕಾಡೇ ಆಗಬೇಕಾ ಅನ್ನುವುದಷ್ಟೇ ನನ್ನ ತಕರಾರು.

ಕರೆಂಟು ಬೇಡ್ವಾ ಅಂದಿರಲ್ಲ, ಬೇಕು. ಆದರೆ 1964ರ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಊರು ಕಳೆದುಕೊಂಡವರ ಮನೆಗಳಲ್ಲಿ ಜಮೀನಿನ ಹಕ್ಕಿನ ಮಾತು ಇವತ್ತಿಗೂ ಮುಗಿದಿಲ್ಲ. ಈ ಕಣಿವೆ ನಾಡಿಗೆ ಬೆಳಕು ಕೊಟ್ಟಾಗಿದೆ. ಮತ್ತೆ ಮತ್ತೆ ಇದರ ಹತ್ತಿರವೇ ಕೇಳುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಹೋರಾಟದಿಂದ ಏನಾಗುತ್ತದೆ ಅಂತ ಅನುಮಾನ ಇರುವವರಿಗೆ ನಾನು ಅಮ್ಮಮ್ಮನ ಕತೆ ಹೇಳುತ್ತೇನೆ. ಅವಳ ತವರು ಶಿರಸಿಯ ಸಾಲ್ಕಣಿ ಕಡೆ. 1983ರ ಸೆಪ್ಟೆಂಬರಿನಲ್ಲಿ ಅಲ್ಲಿನ ಜನ ಮಳೆಯಲ್ಲಿ, ಉಂಬಳ (ಜಿಗಣೆ) ಕಚ್ಚಿಸಿಕೊಂಡು ಕಾಡಿಗೆ ನಡೆದು ಮರ ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. ಮರ ಕಡಿಯುವುದು ನಿಂತಿತು. ಹೋದವರಲ್ಲಿ ತೋಟದವರು ಬಹಳ. ಅವರಿಗೆ ದರಕು (ಒಣಗಿದ ಎಲೆ), ಸೊಪ್ಪು, ನೀರು ಎಲ್ಲ ಕಾಡಿನಿಂದಲೇ ಬರಬೇಕಿತ್ತು. 'ಉಳಿಸು, ಬೆಳೆಸು, ಬಳಸು' ಅಂತಲೇ ಅವರ ಘೋಷಣೆ. ಬಳಸುವುದೂ ಅದರಲ್ಲಿದೆ ನೋಡಿ. ಕಾಡನ್ನು ಮುಟ್ಟಲೇಬಾರದು ಅಂತ ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ. ಕುದುರೆಮುಖದ ಗಣಿಯೂ ಅಷ್ಟೇ, ವರ್ಷಗಟ್ಟಲೆ ಹೋರಾಟ ನಡೆದು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಅದು ಭದ್ರಾ ನದಿಯ ನೆತ್ತಿ.

ಇನ್ನು ನೀವು ಏನು ಮಾಡಬಹುದು? ಎಲ್ಲರೂ ಘಟ್ಟಕ್ಕೆ ಬಂದು ಧರಣಿ ಕೂರಬೇಕಿಲ್ಲ. ಇಂಥ ದೊಡ್ಡ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಸುತ್ತಾರೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯೋಜನೆ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಕೇಳಿ ತೆಗೆದುಕೊಂಡು ಓದಿ, ಆಕ್ಷೇಪವನ್ನು ಬರೆದು ಕಳಿಸಿ. ಸುಮ್ನೆ 'ಕಾಡು ಉಳಿಸಿ' ಅಂತ ಬರೆದರೆ ಉಪಯೋಗ ಕಡಿಮೆ. ಯಾವ ಪುಟದಲ್ಲಿ ಯಾವ ಹಳ್ಳದ ಹೆಸರು ಬಿಟ್ಟಿದ್ದಾರೆ, ಯಾವ ಪ್ರಾಣಿ ಪಟ್ಟಿಯಲ್ಲಿಲ್ಲ ಅಂತ ಬರೆಯಿರಿ. ನನ್ನ ಮೊದಲ ಪತ್ರ ಒಂದೂವರೆ ಪುಟ ಇತ್ತು. ಅರ್ಧ ಪುಟ ನಮ್ಮ ಅಬ್ಬಿ ಎಲ್ಲಿ ಹುಟ್ಟುತ್ತದೆ ಅನ್ನುವುದೇ.