ಕೆಲವು ಆರ್ಕಿಟೆಕ್ಚರ್‌ಗಳಲ್ಲಿ (ಪ್ರೊಸೆಸರ್ ಜಾತಿಗಳಲ್ಲಿ) ಟೆಸ್ಟ್ ಫೇಲ್ ಆದರೆ ಅಲ್ಲಿ ಟೆಸ್ಟ್ ನಿಲ್ಲಿಸಿ ಪ್ಯಾಕೇಜ್ ಕಟ್ಟಬಹುದೇ?

ದಯವಿಟ್ಟು ಬೇಡ. ಡೆಬಿಯನ್ ಲಿನಕ್ಸ್‌ಗಾಗಿ ನೀವು ಕಟ್ಟುವ ಪ್ಯಾಕೇಜ್ ಸಾಮಾನ್ಯ ಪಿಸಿಗಳ ಎಎಂಡಿ64ರಲ್ಲಿ ಸರಿಯಾಗಿದೆ, ಎಆರ್‌ಎಂ64 ಮತ್ತು ಐಬಿಎಂ ಮೇನ್‌ಫ್ರೇಮ್‌ಗಳ ಎಸ್390ಎಕ್ಸ್ ಎರಡರಲ್ಲೂ ಅವೇ ಮೂರು ಟೆಸ್ಟ್‌ಗಳು ಬೀಳುತ್ತಿವೆ, ಹೇಗಾದರೂ ಎಲ್ಲ ಆರ್ಕಿಟೆಕ್ಚರ್‌ಗಳಿಗೂ ಬೆಂಬಲ ಕೊಡಬೇಕು ಎಂದಿದ್ದೀರಿ. ಓದುತ್ತಿದ್ದಂತೆ ನನಗೆ ಒಂದು ಡಿಸೆಂಬರ್ ರಾತ್ರಿ ಕಣ್ಣೆದುರು ಬಂತು.

ನಾನು ಚಿಕ್ಕಮಗಳೂರಿನವನು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೆ ಚಿಕ್ಕದೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕೊಯ್ಲಿನ ಕಾಲದಲ್ಲಿ ಹಣ್ಣು ಬಿಡಿಸುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ಒಬ್ಬೊಬ್ಬರೇ ಚೀಲ ತಂದು ಡಿಜಿಟಲ್ ಕಾಟಾದ ಮೇಲಿಡುತ್ತಾರೆ, ಕಾಟಾದಿಂದ ಕೇಬಲ್ ಮೂಲಕ ತೂಕ ಬರುತ್ತದೆ, ನನ್ನ ಪ್ರೋಗ್ರಾಂ ಅವರ ಹೆಸರಿನ ಮುಂದೆ ಬರೆದುಕೊಳ್ಳುತ್ತದೆ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಎರಡು ಸೀಸನ್ ಒಂದು ದೂರೂ ಇಲ್ಲದೆ ನಡೆಯಿತು. ಆಮೇಲೆ ಡೆಸ್ಕ್‌ಟಾಪ್ ಕೆಟ್ಟಿತು. ಕರೆಂಟ್ ಹೋದರೂ ಚಿಕ್ಕ ಬ್ಯಾಟರಿಯಲ್ಲಿ ಓಡಲಿ ಎಂದು ರಾಸ್ಪ್‌ಬೆರಿ ಪೈ ತಂದೆ. ಅಂದರೆ ಎಆರ್‌ಎಂ.

ಪೈ ಮೇಲೆ ಪ್ಯಾಕೇಜ್ ಕಟ್ಟಲು ಹೋದರೆ ಒಂದು ಟೆಸ್ಟ್ ಬಿತ್ತು. ಹತ್ತೊಂಬತ್ತರಲ್ಲಿ ಒಂದೇ ಒಂದು. ಬೆಳಗಾದರೆ ಕೊಯ್ಲು ಶುರು. 'ಪೈ ನಿಧಾನ, ಟೈಮಿಂಗ್ ಹೆಚ್ಚುಕಡಿಮೆ ಆಗಿರಬೇಕು' ಎಂದು ನನಗೆ ನಾನೇ ಹೇಳಿಕೊಂಡು, 'ನೋಚೆಕ್' ಆಯ್ಕೆ ಕೊಟ್ಟು ಟೆಸ್ಟ್‌ಗಳನ್ನು ಬಿಟ್ಟು ಕಟ್ಟಿದೆ. ಪ್ಯಾಕೇಜ್ ಸಿದ್ಧವಾಯಿತು, ನಾನು ಮಲಗಿದೆ.

ಆ ಟೆಸ್ಟ್ ಏನು ನೋಡುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕು. ಚೀಲ ಇಟ್ಟ ಕೂಡಲೇ ಕಾಟಾ ನಿಲ್ಲುವುದಿಲ್ಲ, ಅಂಕಿ ಏರುತ್ತಾ ಇಳಿಯುತ್ತಾ ಇರುತ್ತದೆ. ಆಗ ನನ್ನ ಫಂಕ್ಷನ್ -1 ಎಂದು ಹೇಳುತ್ತಿತ್ತು, ನಿಂತ ಮೇಲೆ 0. ಆ ಉತ್ತರವನ್ನು ನಾನು 'ಚಾರ್' ಜಾತಿಯ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಸೊನ್ನೆಗಿಂತ ಕಡಿಮೆ ಇದ್ದರೆ ಕಾಯಿ ಎಂದು ಬರೆದಿದ್ದೆ. ಬರೀ 'ಚಾರ್' ಎಂದರೆ ಅದರಲ್ಲಿ ಋಣ ಸಂಖ್ಯೆ ಹಿಡಿಯುತ್ತದೆಯೇ ಇಲ್ಲವೇ ಎಂಬುದನ್ನು ಸಿ ಭಾಷೆ ಹೇಳುವುದೇ ಇಲ್ಲ, ಕಂಪೈಲರ್‌ಗೆ ಬಿಟ್ಟಿದೆ. ಇಂಟೆಲ್, ಎಎಂಡಿ ಯಂತ್ರಗಳ ಲಿನಕ್ಸ್‌ನಲ್ಲಿ ಹಿಡಿಯುತ್ತದೆ. ಎಆರ್‌ಎಂ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ, ಅಲ್ಲಿ -1 ಹಾಕಿದರೆ 255 ಆಗಿ ಕೂರುತ್ತದೆ. 255 ಎಂದಾದರೂ ಸೊನ್ನೆಗಿಂತ ಕಡಿಮೆಯೇ? ಹಾಗಾಗಿ ಪ್ರೋಗ್ರಾಂ ಕಾಯಲೇ ಇಲ್ಲ. ಚೀಲ ಪೂರ್ತಿ ಕೂರುವ ಮೊದಲೇ ಕಂಡ ಅಂಕಿಯನ್ನು ಬರೆದುಕೊಂಡಿತು. 'ಚಾರ್' ಇದ್ದ ಜಾಗದಲ್ಲಿ, ಋಣ ಸಂಖ್ಯೆಯನ್ನು ಎಲ್ಲ ಕಡೆಯೂ ಹಿಡಿಯುವ 'ಇಂಟ್' ಎಂದು ಬರೆದಿದ್ದರೆ ಮುಗಿದಿತ್ತು. ಟೆಸ್ಟ್ ನನಗೆ ಹೇಳುತ್ತಿದ್ದುದೂ ಅದನ್ನೇ, ಅದರ ಹೆಸರೇ 'ನಿಲ್ಲದ ಕಾಟಾ'. ಹೆಸರಿಟ್ಟವನೂ ನಾನೇ!

ಎರಡನೆಯ ಸಂಜೆ ಒಬ್ಬ ಹೆಂಗಸು ಚೀಟಿ ಹಿಡಿದು ತೋಟದ ಲೆಕ್ಕ ಬರೆಯುವ ರೈಟರ್ ಮುಂದೆ ನಿಂತರಂತೆ. 'ಮೂವತ್ತೊಂದು ಕೆಜಿಯೇ? ಬೆನ್ನ ಮೇಲೆ ಹೊತ್ತು ತಂದ ಚೀಲ ಸ್ವಾಮಿ, ನನಗೆ ಗೊತ್ತಾಗುವುದಿಲ್ಲವೇ?' ಮತ್ತೆ ಇಟ್ಟು, ಅಂಕಿ ನಿಲ್ಲುವವರೆಗೆ ಕಾಟಾವನ್ನೇ ನೋಡಿದರೆ ನಲವತ್ತಮೂರು. ಆದರೆ ಹಿಂದಿನ ದಿನದ್ದನ್ನು ಮತ್ತೆ ತೂಗುವುದು ಹೇಗೆ? ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕುತ್ತಾರೆ, ಅದಾಗಲೇ ಸಿಪ್ಪೆ ಬಿಟ್ಟು ತೊಟ್ಟಿಯಲ್ಲಿತ್ತು. ಕೊನೆಗೆ ಎಲ್ಲರಿಗೂ ಅಂದಾಜಿನ ಮೇಲೆ, ಸ್ವಲ್ಪ ಹೆಚ್ಚೇ ಇರಲಿ ಎಂದು ಕೂಲಿ ಕೊಟ್ಟು, ಆ ಹಣವನ್ನು ನನ್ನ ಬಿಲ್ಲಿನಲ್ಲಿ ಮುರಿದುಕೊಂಡರು. ಸರಿಯಾಗಿಯೇ ಮಾಡಿದರು. ಮುಂದಿನ ವರ್ಷ ಕರೆಯಲಿಲ್ಲ.

ಈಗ ನಿಮ್ಮ ವಿಷಯ. ಎಲ್ಲ ಆರ್ಕಿಟೆಕ್ಚರ್‌ಗಳಿಗೂ ಬೆಂಬಲ ಕೊಡಲೇಬೇಕೆಂಬ ಹಟವನ್ನು ಮೊದಲು ಬಿಡಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ತಾನೇ ಏಳಕ್ಕೆ ಮಾತ್ರ ಅಧಿಕೃತ ಬೆಂಬಲ ಎಂದಿತು, ಅಷ್ಟು ಕಾಲದಿಂದ ಇದ್ದ, ಹಳೆಯ 32-ಬಿಟ್ ಪಿಸಿಗಳ ಐ386 ಕೂಡ ಆ ಏಳರಲ್ಲಿ ಇಲ್ಲ. ನಿಮ್ಮದು ಒಂದು ಕಡೆ ನಡೆಯದಿದ್ದರೆ ಆಕಾಶ ಬೀಳುವುದಿಲ್ಲ. ಹಾಗೆಂದು ಪ್ಯಾಕೇಜಿನ ಕಂಟ್ರೋಲ್ ಫೈಲಿನ ಆರ್ಕಿಟೆಕ್ಚರ್ ಸಾಲಿನಲ್ಲಿ ನಿಮಗೆ ಗೊತ್ತಿರುವ ಹೆಸರುಗಳನ್ನಷ್ಟೇ ಪಟ್ಟಿ ಮಾಡಲೂ ಹೋಗಬೇಡಿ, ಹೊಸತೊಂದು ಬಂದಾಗ ನಿಮ್ಮ ಪ್ಯಾಕೇಜ್ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ಅಲ್ಲಿ 'ಎನಿ' (ಯಾವುದಾದರೂ ಸರಿ) ಎಂದೇ ಇರಲಿ, ಟೆಸ್ಟ್ ಓಡಲಿ, ಬಿದ್ದ ಕಡೆ ಬಿಲ್ಡ್ ಬೀಳಲಿ. ಮೊದಲು ಅಲ್ಲಿ ಕಟ್ಟಿದ್ದ ಹಳೆಯ ಆವೃತ್ತಿ ಇದ್ದರೆ ಮಾತ್ರ ಅದನ್ನು ತೆಗೆಯುವಂತೆ ಭಂಡಾರ ನೋಡಿಕೊಳ್ಳುವವರನ್ನು ಕೇಳಿ, ಇಲ್ಲದಿದ್ದರೆ ಹೊಸದು 'ಟೆಸ್ಟಿಂಗ್'ಗೆ, ಅಂದರೆ ಡೆಬಿಯನ್‌ನ ಮುಂದಿನ ಬಿಡುಗಡೆ ತಯಾರಾಗುವ ವಿಭಾಗಕ್ಕೆ, ದಾಟುವುದಿಲ್ಲ. ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಇಡುವ ಕ್ರಮ, ಲಿಟಲ್ ಎಂಡಿಯನ್ ಅದರ ತಿರುಗುಮುರುಗು) ನಿಮ್ಮ ಕೋಡಿಗೆ ನಿಜವಾಗಿಯೂ ಒಗ್ಗದಿದ್ದರೆ 'ಆರ್ಕಿಟೆಕ್ಚರ್-ಈಸ್-ಲಿಟಲ್-ಎಂಡಿಯನ್' ಎಂಬ ಪ್ಯಾಕೇಜನ್ನು ಬಿಲ್ಡ್ ಅವಲಂಬನೆಯಾಗಿ ಸೇರಿಸಿದರೆ ಸಾಕು.

ಆದರೆ ನಿಮ್ಮದು ಎಂಡಿಯನ್ ತೊಂದರೆ ಎಂದು ನನಗೆ ಅನಿಸುತ್ತಿಲ್ಲ. ಡೆಬಿಯನ್‌ನ ಎಆರ್‌ಎಂ64 ಲಿಟಲ್, ಎಸ್390ಎಕ್ಸ್ ಬಿಗ್. ಎರಡರಲ್ಲೂ ಅವೇ ಮೂರು ಟೆಸ್ಟ್ ಬೀಳುತ್ತಿವೆ ಎಂದರೆ ನನ್ನ ಅನುಮಾನ ಎರಡರಲ್ಲೂ ಋಣ ಸಂಖ್ಯೆ ಹಿಡಿಯದ ಆ 'ಚಾರ್' ಮೇಲೆಯೇ. ನೋಡಲು ಬೇರೆ ಯಂತ್ರ ಬೇಕಿಲ್ಲ. ಜಿಸಿಸಿ ಕಂಪೈಲರ್‌ನಲ್ಲಿ ಚಾರ್ ಅನ್ನು ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ ಹಾಗೆ) ಮಾಡುವ ಆಯ್ಕೆ ಇದೆ, ಅದನ್ನು ಕೊಟ್ಟು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಮ್ಮೆ ಕಟ್ಟಿ. ಅವೇ ಮೂರು ಬಿದ್ದವೋ ಇಲ್ಲವೋ ಇಲ್ಲೇ ಕೆಳಗೆ ಬರೆಯಿರಿ.